ಅಂದಾಜು ಮೊದಲು, ಗುಂಡಿ ಆಮೇಲೆ: ಒಂದು ಪ್ರೌಢಶಾಲೆಯ ಗಣಿತ ತರಗತಿಯಲ್ಲಿ ಕ್ಯಾಲ್ಕುಲೇಟರ್

ರಾಯಚೂರು ಜಿಲ್ಲೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಆಸರೆಯಲ್ಲಿರುವ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ, ಒಂದು ಶೈಕ್ಷಣಿಕ ವರ್ಷದುದ್ದಕ್ಕೂ ಒಂಬತ್ತನೇ ತರಗತಿಯ ಗಣಿತ ಪಾಠಕ್ಕೆ ಕ್ಯಾಲ್ಕುಲೇಟರ್ ಬಳಸಿ ನೋಡಿದ ಪ್ರಯತ್ನದ ವಿವರ ಇದು. ಊರು, ಶಾಲೆ, ಶಿಕ್ಷಕರು, ಮಕ್ಕಳು ಯಾರ ಹೆಸರನ್ನೂ ಇಲ್ಲಿ ಕೊಟ್ಟಿಲ್ಲ. ಗುರುತು ಹಿಡಿಯಲು ಆಸ್ಪದವಾಗುವ ಒಂದೆರಡು ವಿವರಗಳನ್ನು ಬದಲಿಸಿದೆ. ಲೆಕ್ಕಗಳನ್ನು ಮಾತ್ರ ತರಗತಿಯಲ್ಲಿ ನಡೆದಂತೆಯೇ ಉಳಿಸಿದೆ, ಏಕೆಂದರೆ ಬೇರೆ ಶಿಕ್ಷಕರಿಗೆ ಉಪಯೋಗವಾಗಬಹುದಾದ ಸಂಗತಿ ಬಹುಮಟ್ಟಿಗೆ ಆ ಲೆಕ್ಕಗಳ ಒಳಗೇ ಇದೆ. ಶಿಕ್ಷಕರ ತರಬೇತಿಯ ಕೆಲಸದಲ್ಲಿರುವ ನಾನು ಆ ವರ್ಷ ಆಗಾಗ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದ್ದೇನೆ. ನಿರ್ಧಾರಗಳೆಲ್ಲ ಆ ಶಿಕ್ಷಕರವು, ಅಭಿಪ್ರಾಯಗಳು ನನ್ನವು.

ಹಿನ್ನೆಲೆ

ಊರಿನ ಬದುಕು ಭತ್ತದ ಮೇಲೆ ನಿಂತಿದೆ. ಸಿಂಧನೂರು, ಗಂಗಾವತಿ ಭಾಗದ ವ್ಯಾಪಾರದಲ್ಲಿ ಭತ್ತದ ದರವನ್ನು 75 ಕೆ.ಜಿ. ಚೀಲಕ್ಕೆ ಇಷ್ಟು ಎಂದು ಹೇಳುವುದು ರೂಢಿ. ಸರ್ಕಾರದ ಬೆಂಬಲ ಬೆಲೆ ಮಾತ್ರ ಕ್ವಿಂಟಲ್ ಲೆಕ್ಕದಲ್ಲಿ ಬರುತ್ತದೆ. ಹೀಗಾಗಿ ಇಲ್ಲಿನ ಮಕ್ಕಳು ಮನೆಯಲ್ಲಿ ಕೇಳುವ ಮಾತಿನಲ್ಲೇ ಎರಡು ಅಳತೆಗಳಿವೆ, ಮತ್ತು ಒಂದರಿಂದ ಇನ್ನೊಂದಕ್ಕೆ ಹೋಗುವ ಲೆಕ್ಕವನ್ನು ಸಾಮಾನ್ಯವಾಗಿ ದಲಾಲಿ ಅಂಗಡಿಯವರು ಮೇಜಿನ ಮೇಲಿನ ಕ್ಯಾಲ್ಕುಲೇಟರ್‌ನಲ್ಲಿ ಮಾಡಿ ತೋರಿಸುತ್ತಾರೆ. ನಾಟಿಯ ದಿನಗಳಲ್ಲಿ, ಹತ್ತಿ ಬಿಡಿಸುವ ದಿನಗಳಲ್ಲಿ ತರಗತಿಯ ಹಾಜರಿ ತೆಳುವಾಗುತ್ತದೆ. ಕಾಲುವೆಯ ಕೊನೆಭಾಗಕ್ಕೆ ನೀರು ತಲುಪದ ವರ್ಷ ಕೆಲವು ಕುಟುಂಬಗಳು ಬೆಂಗಳೂರಿನ ಕಡೆ ಗುಳೆ ಹೋಗುತ್ತವೆ. ಆ ಮನೆಗಳ ಮಕ್ಕಳು ಎರಡು ಮೂರು ತಿಂಗಳ ಪಾಠ ತಪ್ಪಿಸಿಕೊಂಡು ಮರಳುತ್ತಾರೆ.

ಶಿಕ್ಷಕರು ಅನುಭವಿಗಳು, ಮಗ್ಗಿ ಬಾಯಿಪಾಠವಾಗಲೇಬೇಕು ಎನ್ನುವವರು. ಅವರು ಕ್ಯಾಲ್ಕುಲೇಟರ್‌ನ ಅಭಿಮಾನಿಯಾಗಿ ಈ ಕೆಲಸಕ್ಕೆ ಇಳಿದವರಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಿಂದಿನ ತರಗತಿಗಳ ಕಲಿಕೆ ಎಷ್ಟು ಉಳಿದಿದೆಯೆಂದು ನೋಡುವ ಜೂನ್ ತಿಂಗಳ ಸೇತುಬಂಧ ಪರೀಕ್ಷೆಯ ಉತ್ತರ ಪತ್ರಿಕೆಗಳೇ ಅವರನ್ನು ಆ ಕಡೆ ತಳ್ಳಿದವು.

ಸಮಸ್ಯೆ

ಆ ಪರೀಕ್ಷೆಯಲ್ಲಿ ಅವರು ಸ್ವಂತವಾಗಿ ಸೇರಿಸಿದ್ದ ಲೆಕ್ಕ ಇದು: ಒಬ್ಬ ರೈತ 43 ಕ್ವಿಂಟಲ್ 50 ಕೆ.ಜಿ. ಭತ್ತ ತಂದಿದ್ದಾನೆ, 75 ಕೆ.ಜಿ.ಯ ಚೀಲಕ್ಕೆ 1650 ರೂಪಾಯಿ ದರ. ಅವನಿಗೆ ಬರಬೇಕಾದ ಹಣವೆಷ್ಟು? 4350 ಕೆ.ಜಿ.ಯನ್ನು 75ರಿಂದ ಭಾಗಿಸಿದರೆ 58 ಚೀಲ. 58ನ್ನು 1650ರಿಂದ ಗುಣಿಸಿದರೆ 95,700 ರೂಪಾಯಿ. ದರವನ್ನು ಕ್ವಿಂಟಲ್‌ಗೆ ತಿರುಗಿಸಿದರೂ ಆದೀತು: ಚೀಲಕ್ಕೆ 1650 ಎಂದರೆ ಕ್ವಿಂಟಲ್‌ಗೆ 2200.

ಬಹಳ ಮಕ್ಕಳು ಕಂಡ ಎರಡು ಸಂಖ್ಯೆಗಳನ್ನು ನೇರವಾಗಿ ಗುಣಿಸಿದ್ದರು. 43.50ನ್ನು 1650ರಿಂದ ಗುಣಿಸಿದವರಿಗೆ 71,775 ಬಂದಿತ್ತು. 4350ನ್ನು 1650ರಿಂದ ಗುಣಿಸಿದವರಿಗೆ 71,77,500 ಬಂದಿತ್ತು. ಎರಡರಲ್ಲೂ ಗುಣಾಕಾರದಲ್ಲಿ ಒಂದಂಕಿಯೂ ತಪ್ಪಿರಲಿಲ್ಲ. ಸಾಲುಗಳು ಅಚ್ಚುಕಟ್ಟಾಗಿದ್ದವು, ಕೈಗೆ ಬಂದದ್ದನ್ನು ಮೇಲೆ ಬರೆದುಕೊಂಡಿದ್ದರು, ಉತ್ತರದ ಕೆಳಗೆ ಎರಡು ಗೆರೆಯನ್ನೂ ಎಳೆದಿದ್ದರು. ಒಂದು ಟ್ರ್ಯಾಕ್ಟರ್ ಟ್ರೇಲರ್‌ಗೆ ಹಿಡಿಯುವಷ್ಟು ಭತ್ತಕ್ಕೆ 71 ಲಕ್ಷ ರೂಪಾಯಿ ಬರುತ್ತದೆಂದು ಬರೆದವರ ಪೈಕಿ ಅನೇಕರು ಭತ್ತ ಬೆಳೆಯುವ ಮನೆಯವರೇ. ಆ ಸಂಖ್ಯೆ ಅವರಿಗೆ ವಿಚಿತ್ರವೆನಿಸಲಿಲ್ಲ. ಮನೆಯ ಭತ್ತ ಬೇರೆ, ಶಾಲೆಯ ಲೆಕ್ಕ ಬೇರೆ ಎಂಬಂತೆ ನಡೆದುಕೊಂಡಿದ್ದರು.

ಶಿಕ್ಷಕರು ಇದನ್ನು ಓದಿದ ರೀತಿ ಹೀಗಿತ್ತು. ಮಕ್ಕಳ ಶಕ್ತಿಯೆಲ್ಲ ಗುಣಾಕಾರವನ್ನು ತಪ್ಪಿಲ್ಲದೆ ಮುಗಿಸುವುದರಲ್ಲೇ ಖರ್ಚಾಗುತ್ತಿದೆ. ಯಾವುದನ್ನು ಗುಣಿಸಬೇಕು, ಬಂದ ಉತ್ತರ ಆಗುವ ಮಾತೇ ಎಂದು ಕೇಳಿಕೊಳ್ಳಲು ಏನೂ ಉಳಿಯುತ್ತಿಲ್ಲ. ಹಾಗಿದ್ದರೆ ಗುಣಾಕಾರದ ಹೊರೆಯನ್ನು ಸ್ವಲ್ಪ ಕಾಲ ಇಳಿಸಿ ನೋಡೋಣ ಎಂದುಕೊಂಡರು. ಈ ತರ್ಕ ಅರ್ಧ ಸರಿ ಎಂದು ನನಗೆ ಆಗಲೇ ಅನಿಸಿತ್ತು, ಏಕೆಂದರೆ ಹೊರೆ ಇಳಿಸಿದ ಮಾತ್ರಕ್ಕೆ ಮಗು ಯೋಚಿಸಲು ಕೂರುತ್ತದೆಂಬ ಖಾತ್ರಿಯಿಲ್ಲ. ಉಳಿದ ಅರ್ಧ ಮೊದಲ ಕೆಲವು ವಾರಗಳಲ್ಲೇ ಗೊತ್ತಾಯಿತು.

ಯಂತ್ರಗಳನ್ನು ಕೊಳ್ಳಲಿಲ್ಲ. ರೈಸ್ ಮಿಲ್ಲು, ಗೊಬ್ಬರದ ಅಂಗಡಿ, ದಲಾಲಿ ಅಂಗಡಿಗಳಲ್ಲಿ ಲೆಕ್ಕ ಬರೆಯುವ ಕೆಲಸಕ್ಕಿದ್ದ ಹಳೆಯ ವಿದ್ಯಾರ್ಥಿಗಳಿಗೆ ಹೇಳಿಕಳಿಸಿದಾಗ, ಬಳಸಿ ಬಿಟ್ಟ ಕ್ಯಾಲ್ಕುಲೇಟರ್‌ಗಳು ಒಂದು ರಟ್ಟಿನ ಪೆಟ್ಟಿಗೆಯಷ್ಟು ಬಂದವು. ಹೆಚ್ಚಿನವು 12 ಅಂಕಿಯ ಮೇಜಿನ ಯಂತ್ರಗಳು, ಕೆಲವು 8 ಅಂಕಿಯವು. ಕಂಪನಿಗಳು ಬೇರೆ ಬೇರೆ. ಕೆಲವಕ್ಕೆ ಅಂಕಿಗಳ ಬಣ್ಣ ಮಾಸಿತ್ತು. ಇಬ್ಬರಿಗೊಂದರಂತೆ ಸಾಕಾಗುವಷ್ಟು ಇದ್ದವು. ಎಲ್ಲ ಒಂದೇ ಬಗೆಯವು ಸಿಗಲಿಲ್ಲವಲ್ಲ ಎಂದು ಶಿಕ್ಷಕರು ಪೇಚಾಡಿಕೊಂಡಿದ್ದರು. ಮುಂದೆ ಅದೇ ಅನುಕೂಲವಾಯಿತು.

ಮೊದಲ ಸುತ್ತು, ಅದು ನಿಂತದ್ದು

ಮೊದಲಿಗೆ ಯಾವ ಕಟ್ಟಳೆಯೂ ಇರಲಿಲ್ಲ. ಕ್ಷೇತ್ರಫಲದ ಪಾಠದಲ್ಲಿ ಯಂತ್ರ ಹಂಚಿದರು, ಮಕ್ಕಳು ಒತ್ತಿದರು, ಪರದೆಯ ಮೇಲೆ ಬಂದದ್ದನ್ನು ಬರೆದುಕೊಂಡರು. ಶಾಲೆಯ ನೀರಿನ ತೊಟ್ಟಿಯ ಬಾಯಿಯನ್ನು ಟೇಪಿನಿಂದ ಅಳೆದು, ತ್ರಿಜ್ಯ 2.3 ಮೀಟರ್ ಎಂದು ತೆಗೆದುಕೊಂಡು, ಪೈ ಬೆಲೆಯನ್ನು 22/7 ಎಂದಿಟ್ಟು ಕ್ಷೇತ್ರಫಲ ಕಂಡುಹಿಡಿಯಿರಿ ಎಂದಾಗ ತರಗತಿಗೆ ತರಗತಿಯೇ 16.6257142857 ಚದರ ಮೀಟರ್ ಎಂದು ಬರೆಯಿತು. ಹತ್ತು ದಶಮಾಂಶ ಸ್ಥಾನ! ಟೇಪು ಹಿಡಿದವನ ಕೈ ಅರ್ಧ ಗೇಣು ಆಚೀಚೆ ಆಗಿದ್ದರೂ ಆ ಅಂಕಿಗಳ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. 6ನ್ನು 10ರಿಂದ ಗುಣಿಸಲೂ ಕೈ ಯಂತ್ರದ ಕಡೆ ಹೋಗತೊಡಗಿತು. ಪಕ್ಕದವರ ಪರದೆ ನೋಡಿ ನಕಲು ಮಾಡುವುದು ಪಕ್ಕದವರ ಪಟ್ಟಿ ನೋಡಿ ನಕಲು ಮಾಡುವುದಕ್ಕಿಂತ ಸುಲಭವೆಂದೂ ತಿಳಿಯಿತು. ಶಿಕ್ಷಕರು ಪೆಟ್ಟಿಗೆಯನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದರು.

ಅವರು ಅಲ್ಲಿಗೇ ಬಿಟ್ಟಿದ್ದರೆ ಬರೆಯಲು ಏನೂ ಇರುತ್ತಿರಲಿಲ್ಲ. ಬೀಗ ಹಾಕಿದ ಮೇಲೆ ಅವರು ತೊಟ್ಟಿಯ ಲೆಕ್ಕವನ್ನೇ ಮತ್ತೆ ಬೋರ್ಡಿನ ಮೇಲೆ ಎತ್ತಿಕೊಂಡರು. ಟೇಪಿನಲ್ಲಿ 2.3 ಎಂದು ಓದಿದ್ದು ನಿಜಕ್ಕೂ 2.25ರಿಂದ 2.35ರ ನಡುವೆ ಎಲ್ಲಾದರೂ ಇರಬಹುದಲ್ಲವೇ ಎಂದು ಕೇಳಿ, ಎರಡೂ ಕೊನೆಗಳಿಗೆ ಕ್ಷೇತ್ರಫಲ ತೆಗೆಸಿದರು: ಒಂದು ಕಡೆ ಸುಮಾರು 15.9, ಇನ್ನೊಂದು ಕಡೆ ಸುಮಾರು 17.4. ಹಾಗಾದರೆ ದಶಮಾಂಶ ಬಿಂದುವಿನ ಎಡಗಡೆಯ 6 ಎಂಬ ಅಂಕಿಯೇ ಗಟ್ಟಿಯಿಲ್ಲದಿರುವಾಗ ಬಲಗಡೆಯ ಹತ್ತು ಅಂಕಿಗಳು ಯಾವ ಲೆಕ್ಕಕ್ಕೆ? ಈ ಪ್ರಶ್ನೆಯನ್ನು ಕೇಳಲು ಹೆಚ್ಚು ಗುಣಾಕಾರ ಬೇಕು, ಗುಣಾಕಾರವನ್ನು ಬೇಗ ಮಾಡಲು ಯಂತ್ರ ಬೇಕು ಎಂಬುದು ಅವರಿಗೆ ಆಗ ಹೊಳೆಯಿತು. ಅಂದರೆ ಯಂತ್ರ ಉತ್ತರಕ್ಕಾಗಿ ಅಲ್ಲ, ಒಂದೇ ಪ್ರಶ್ನೆಯನ್ನು ನಾಲ್ಕು ಕಡೆಯಿಂದ ಕೇಳುವುದಕ್ಕಾಗಿ.

ಎರಡನೇ ಸುತ್ತು

ಪೆಟ್ಟಿಗೆ ಮತ್ತೆ ಹೊರಬಂದಾಗ ಒಂದು ಕಟ್ಟಳೆ ಇತ್ತು: ಅಂದಾಜು ಬರೆಯದೆ ಗುಂಡಿ ಮುಟ್ಟುವಂತಿಲ್ಲ. ಮಕ್ಕಳು ಇದಕ್ಕೆ ಉಪಾಯ ಕಂಡುಕೊಳ್ಳಲು ತಡವಾಗಲಿಲ್ಲ. ಮೊದಲು ಒತ್ತಿ ಉತ್ತರ ನೋಡಿಕೊಂಡು, ಅದರ ಹತ್ತಿರದ ಒಂದು ದುಂಡು ಸಂಖ್ಯೆಯನ್ನು ಅಂದಾಜಿನ ಜಾಗದಲ್ಲಿ ತುಂಬುತ್ತಿದ್ದರು. ಆಗ ಶಿಕ್ಷಕರು ಜೋಡಿಯ ಕೆಲಸವನ್ನು ಹಂಚಿದರು. ಒಬ್ಬರ ಕೈಯಲ್ಲಿ ಪೆನ್ನು, ಇನ್ನೊಬ್ಬರ ಕೈಯಲ್ಲಿ ಯಂತ್ರ; ಪೆನ್ನಿನವರು ಅಂದಾಜು ಬರೆದು, ಅದು ಹೇಗೆ ಬಂತೆಂದು ಒಂದು ಮಾತಿನಲ್ಲಿ ಹೇಳಿದ ಮೇಲೆಯೇ ಯಂತ್ರದವರು ಒತ್ತಬೇಕು; ಮುಂದಿನ ಲೆಕ್ಕಕ್ಕೆ ಅದಲುಬದಲು. ಯಂತ್ರ ಹಿಡಿದವರಿಗೆ ಒತ್ತುವ ಆತುರವಿದ್ದುದರಿಂದ, ಪೆನ್ನಿನವರನ್ನು ‘ಲಗೂ ಹೇಳಲೇ’ ಎಂದು ಅವರೇ ಕಾಡತೊಡಗಿದರು. ಶಿಕ್ಷಕರು ಕಾವಲು ಕಾಯುವುದು ತಪ್ಪಿತು. ಇಡೀ ಪ್ರಯತ್ನದಲ್ಲಿ ಅತ್ಯಂತ ಚಿಕ್ಕ ನಿರ್ಧಾರ ಇದು, ಆದರೆ ಇದಿಲ್ಲದೆ ಉಳಿದದ್ದು ಯಾವುದೂ ನಡೆಯುತ್ತಿರಲಿಲ್ಲ ಎಂದು ನನ್ನ ಎಣಿಕೆ.

ಇನ್ನೊಂದು ಅಭ್ಯಾಸ ಗುಂಡಿ ಮುಚ್ಚುವುದು. 7ರ ಗುಂಡಿಯ ಮೇಲೆ ಕಾಗದ ಅಂಟಿಸಿ, 58ನ್ನು 75ರಿಂದ ಗುಣಿಸಿರಿ ಎನ್ನುತ್ತಿದ್ದರು. ಕೆಲವರು 60ರಿಂದ ಒಮ್ಮೆ, 15ರಿಂದ ಒಮ್ಮೆ ಗುಣಿಸಿ ಕೂಡಿದರು: 3480 ಮತ್ತು 870, ಒಟ್ಟು 4350. ಕೆಲವರು 150ರಿಂದ ಗುಣಿಸಿ ಅರ್ಧ ಮಾಡಿದರು. ಒಬ್ಬಳು 300ರಿಂದ ಗುಣಿಸಿ 4ರಿಂದ ಭಾಗಿಸಿದಳು. 75 ಎಂದರೆ ನೂರರ ಮುಕ್ಕಾಲು ಎಂಬುದು ಭತ್ತದ ಚೀಲದಿಂದ ಅವಳಿಗೆ ಮೊದಲೇ ಗೊತ್ತಿತ್ತು. ಸಂಖ್ಯೆಯನ್ನು ಒಡೆದು ಗುಣಿಸಿ ಕೂಡುವ ವಿಭಾಜಕ ನಿಯಮ ಎಂದು ಪುಸ್ತಕದಲ್ಲಿ ಓದಿ ಮರೆತದ್ದನ್ನು ಇಲ್ಲಿ ಅವರೇ ಕೆಲಸಕ್ಕೆ ಹಚ್ಚಿದ್ದರು. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಯಾವ ಶಾಲೆಯಲ್ಲೂ ಒಂದು ತುಂಡು ಕಾಗದದಿಂದ ಮಾಡಿನೋಡಬಹುದು.

ಚೆಕ್ ಗುಂಡಿ

ನಮ್ಮ ಅಂಗಡಿಗಳಲ್ಲಿ ಬಳಸುವ ಮೇಜಿನ ಕ್ಯಾಲ್ಕುಲೇಟರ್‌ಗಳಲ್ಲಿ ಅನೇಕಕ್ಕೆ ‘ಚೆಕ್’ ಎಂಬ ಗುಂಡಿ ಇರುತ್ತದೆ. ಉದ್ದದ ಪಟ್ಟಿ ಕೂಡಿಸುವವರು ಎಲ್ಲಿ ತಪ್ಪು ಒತ್ತಿದೆವೆಂದು ಹಿಂದಿರುಗಿ ನೋಡಲು ಅದು ಇರುವುದು. ಒತ್ತಿದ ಸಂಖ್ಯೆ ಮತ್ತು ಚಿಹ್ನೆಗಳನ್ನು ಅದು ಹಂತ ಹಂತವಾಗಿ ಮರಳಿ ತೋರಿಸುತ್ತದೆ. ತರಗತಿಯಲ್ಲಿ ಇದಕ್ಕೆ ಬೇರೆಯೇ ಉಪಯೋಗ ಸಿಕ್ಕಿತು.

ಭತ್ತದ ಹಳೆಯ ಲೆಕ್ಕವನ್ನು ಮತ್ತೆ ಕೊಟ್ಟಾಗ ಒಬ್ಬ ಹುಡುಗಿಯ ಉತ್ತರ 957 ರೂಪಾಯಿ. ಅವಳ ಜೋಡಿಯವಳು ಬರೆದಿದ್ದ ಅಂದಾಜು ‘ಲಕ್ಷದ ಹತ್ತಿರ’. ಎರಡಕ್ಕೂ ಹೊಂದಿಕೆಯಾಗಲಿಲ್ಲ, ಹುಡುಗಿ ಮುಖ ಸಪ್ಪಗೆ ಮಾಡಿಕೊಂಡು ಅಳಿಸಲು ಹೊರಟಳು. ಶಿಕ್ಷಕರು ತಡೆದು ಚೆಕ್ ಒತ್ತುತ್ತಾ ಹೋದರು: 43.5, ಭಾಗಾಕಾರ, 75, ಗುಣಾಕಾರ, 1650. ದಾರಿ ಪೂರ್ತಿ ಸರಿಯಿತ್ತು. ತೂಕವನ್ನು ಮಾತ್ರ ಕ್ವಿಂಟಲ್‌ನಲ್ಲಿಟ್ಟು, ಚೀಲವನ್ನು ಕೆ.ಜಿ.ಯಲ್ಲಿ ಇಟ್ಟಿದ್ದಳು. ‘ನಿನ್ನ ಲೆಕ್ಕ ಸರಿ ಐತವ್ವ, ತಕ್ಕಡಿ ಬ್ಯಾರೆ ಬ್ಯಾರೆ ಆಗ್ಯಾವ’ ಎಂದು ಶಿಕ್ಷಕರು ಹೇಳಿದಾಗ ಅವಳೇ 43.5ನ್ನು 4350 ಮಾಡಿ ಮತ್ತೆ ಒತ್ತಿದಳು.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಉತ್ತರ ಪತ್ರಿಕೆಯಲ್ಲಿ 957 ಎಂದು ಕಂಡಿದ್ದರೆ, ಅದೂ ಹಂತಗಳನ್ನು ಬರೆಯದ ಮಗುವಿನ ಪತ್ರಿಕೆಯಲ್ಲಿ, ಅದು 71,775ಕ್ಕಿಂತ ದೊಡ್ಡ ತಪ್ಪಿನಂತೆ ಕಾಣುತ್ತಿತ್ತು. ವಾಸ್ತವದಲ್ಲಿ 71,775 ಬರೆದವನಿಗೆ ಚೀಲ ಎಂಬ ಮೂಲಮಾನ ಇದೆಯೆಂಬುದೇ ತಲೆಗೆ ಹೋಗಿಲ್ಲ. 957 ಬರೆದವಳು ಒಂದೇ ಹೆಜ್ಜೆ ಹಿಂದಿದ್ದಾಳೆ. ಅವತ್ತಿನಿಂದ ಶಿಕ್ಷಕರು ತಪ್ಪು ಉತ್ತರ ಬಂದ ಜೋಡಿಗಳಿಗೆ ‘ಚೆಕ್ ಒತ್ತಿ, ಎಲ್ಲಿ ದಾರಿ ತಪ್ಪಿತು ಹೇಳ್ರಿ’ ಎನ್ನುವುದನ್ನು ರೂಢಿ ಮಾಡಿದರು, ಮತ್ತು ಚೆಕ್ ಇರುವ ಯಂತ್ರಗಳನ್ನು ಬರೆಯಲು ಹಿಂಜರಿಯುವ ಮಕ್ಕಳಿಗೆ ಮೀಸಲಿಟ್ಟರು. ಕ್ಯಾಲ್ಕುಲೇಟರ್ ಬಂದರೆ ಮಗುವಿನ ಯೋಚನೆ ಮರೆಯಾಗುತ್ತದೆ ಎಂಬುದು ಸಾಮಾನ್ಯ ಆಕ್ಷೇಪ. ಈ ತರಗತಿಯಲ್ಲಿ, ಒಂದು ಬಡ ಯಂತ್ರದ ಒಂದು ಗುಂಡಿಯಿಂದ, ಕೆಲವು ಮಕ್ಕಳ ಯೋಚನೆ ಮೊದಲ ಸಲ ಕಣ್ಣಿಗೆ ಬಿತ್ತು.

480ಕ್ಕೆ 600, 480ಕ್ಕೆ 640

ಶೇಕಡಾ ಲೆಕ್ಕವನ್ನು ಮೆಲುಕು ಹಾಕಿಸುವಾಗ ಶಿಕ್ಷಕರು 480 ರೂಪಾಯಿಗೆ ಕೊಂಡದ್ದನ್ನು ಶೇ. 25 ಲಾಭಕ್ಕೆ ಮಾರಿದರೆ ಎಷ್ಟು ಎಂದು ಕೇಳಿ, 480, ಪ್ಲಸ್, 25, ಶೇಕಡಾ ಗುಂಡಿ ಎಂದು ಒತ್ತಲು ಹೇಳಿದರು. ಅರ್ಧ ತರಗತಿಗೆ 600 ಬಂತು. ಕೆಲವು ಜೋಡಿಗಳಿಗೆ 640 ಬಂತು. ‘ಸರ್, ಇದು ಕೆಟ್ಟೈತ್ರಿ’ ಎಂದು ಒಬ್ಬ ಯಂತ್ರವನ್ನೇ ಎತ್ತಿಕೊಂಡು ಬಂದ.

ಯಂತ್ರ ಕೆಟ್ಟಿರಲಿಲ್ಲ. ಕೆಲವು ಕಂಪನಿಗಳ ಕ್ಯಾಲ್ಕುಲೇಟರ್‌ಗಳು ಈ ಕ್ರಮದಲ್ಲಿ ಒತ್ತಿದಾಗ ಲಾಭವನ್ನು ಕೊಂಡ ಬೆಲೆಯ ಮೇಲೆ ಲೆಕ್ಕ ಹಾಕುತ್ತವೆ; ಇನ್ನು ಕೆಲವು ಮಾರುವ ಬೆಲೆಯ ಮೇಲೆ ಲೆಕ್ಕ ಹಾಕುತ್ತವೆ, ವ್ಯಾಪಾರಿಗಳಿಗೆ ಅನುಕೂಲವಾಗಲೆಂದು. 640ರ ಶೇ. 25 ಎಂದರೆ 160. 640ರಲ್ಲಿ 160 ಕಳೆದರೆ 480. ಹಾಗಾಗಿ ಎರಡೂ ಉತ್ತರಗಳು ತಮ್ಮ ತಮ್ಮ ಪ್ರಶ್ನೆಗೆ ಸರಿಯೇ. ಶಿಕ್ಷಕರಿಗೆ ಇದು ಮೊದಲೇ ತಿಳಿದಿರಲಿಲ್ಲ, ಮತ್ತು ಅವರು ತಿಳಿದಿದ್ದಂತೆ ನಟಿಸಲೂ ಇಲ್ಲ. 640 ಎಲ್ಲಿಂದ ಬಂತೆಂದು ಹುಡುಕಿರಿ ಎಂದು ಆ ಅವಧಿಯನ್ನೆಲ್ಲ ಅದಕ್ಕೇ ಬಿಟ್ಟರು. 480ನ್ನು 0.75ರಿಂದ ಭಾಗಿಸಿದರೆ 640 ಬರುತ್ತದೆಂದು ಒಂದು ಜೋಡಿ ಕಂಡುಹಿಡಿದಾಗಲೂ ‘ಯಾಕೆ 0.75?’ ಎಂಬುದು ಉಳಿದೇ ಇತ್ತು. ಅದು ಬಿಡಿಸಿಕೊಂಡದ್ದು ಮರುದಿನ. ‘ಶೇ. 25, ಯಾವುದರ?’ ಎಂಬ ಪ್ರಶ್ನೆಯನ್ನು ಎಂಟನೇ ತರಗತಿಯಿಂದಲೂ ಕೇಳುತ್ತ ಬಂದಿದ್ದರೂ ಅದು ಮಕ್ಕಳಿಗೆ ಪ್ರಶ್ನೆಯಾಗಿ ತಟ್ಟಿರಲಿಲ್ಲ. ಎರಡು ಯಂತ್ರಗಳು ಎದುರುಬದುರು ಕೂತು ಜಗಳವಾಡಿದಾಗ ತಟ್ಟಿತು. ಎಲ್ಲವೂ ಒಂದೇ ಬಗೆಯ ಹೊಸ ಯಂತ್ರಗಳಾಗಿದ್ದರೆ ಈ ಪಾಠ ನಡೆಯುತ್ತಲೇ ಇರಲಿಲ್ಲ.

ಇದೇ ಜಾಡಿನಲ್ಲಿ ಇನ್ನೊಂದು: 2, ಪ್ಲಸ್, 3, ಗುಣಾಕಾರ, 4 ಎಂದು ಒತ್ತಿದರೆ ಅಂಗಡಿಯ ಯಂತ್ರ 20 ತೋರಿಸುತ್ತದೆ, ಶಿಕ್ಷಕರ ಮೊಬೈಲ್ 14 ತೋರಿಸುತ್ತದೆ. ಗುಣಾಕಾರ ಮೊದಲು, ಸಂಕಲನ ಆಮೇಲೆ ಎಂಬ ನಿಯಮ ಯಂತ್ರದೊಳಗೆ ತಾನಾಗಿ ಇರುವುದಿಲ್ಲ, ಯಾರೋ ಇಟ್ಟರೆ ಇರುತ್ತದೆ ಎಂದು ಮಕ್ಕಳು ಅರಿತರು.

17ರಿಂದ ಭಾಗಿಸಿದಾಗ

ವರ್ಷದ ಅತ್ಯುತ್ತಮ ಪಾಠ ವಾಸ್ತವ ಸಂಖ್ಯೆಗಳದ್ದು. ಭಾಗಲಬ್ಧ ಸಂಖ್ಯೆಯ (ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಬಹುದಾದ ಸಂಖ್ಯೆಯ) ದಶಮಾಂಶ ವಿಸ್ತರಣೆ ಒಂದೋ ಮುಗಿಯುತ್ತದೆ, ಇಲ್ಲವೇ ಆವರ್ತಗೊಳ್ಳುತ್ತದೆ, ಅಂದರೆ ಅದೇ ಅಂಕಿಗಳ ಗುಂಪು ಮತ್ತೆ ಮತ್ತೆ ಬರುತ್ತದೆ. ಅಭಾಗಲಬ್ಧ ಸಂಖ್ಯೆಯದು ಮುಗಿಯುವುದೂ ಇಲ್ಲ, ಆವರ್ತಗೊಳ್ಳುವುದೂ ಇಲ್ಲ. ಇದನ್ನು ಮಕ್ಕಳು ವಾಕ್ಯವಾಗಿ ಒಪ್ಪಿಸಬಲ್ಲರು. 12 ಅಂಕಿಯ ಯಂತ್ರದಲ್ಲಿ 1ನ್ನು 7ರಿಂದ ಭಾಗಿಸಿದಾಗ 0.14285714285 ಬಂತು, 142857 ತಿರುಗಿ ಬರುವುದು ಎಲ್ಲರಿಗೂ ಕಂಡಿತು. 1ನ್ನು 17ರಿಂದ ಭಾಗಿಸಿದಾಗ 0.05882352941 ಬಂತು. ಇದರಲ್ಲಿ ತಿರುಗಿ ಬರುವ ಗುಂಪು ಯಾವುದೂ ಇಲ್ಲ. ‘ಸರ್, ಇದು ತಿರುಗಿ ಬರವಲ್ದು, ಹಂಗಾದ್ರ ಅಭಾಗಲಬ್ಧ ಅಲ್ಲೇನ್ರೀ?’ ಎಂದು ಒಬ್ಬ ಹುಡುಗ ಕೇಳಿದ. 2ರ ವರ್ಗಮೂಲವೂ ಪರದೆಯ ಮೇಲೆ 1.41421356237 ಎಂದು ಹೀಗೇ ಕಾಣಿಸುತ್ತದಲ್ಲ ಎಂಬುದು ಅವನ ವಾದ.

ಪ್ರಶ್ನೆ ಬಲವಾದದ್ದು. ಎರಡೂ ಪರದೆಗಳನ್ನು ನೋಡಿದರೆ ಎರಡಕ್ಕೂ ವ್ಯತ್ಯಾಸವಿಲ್ಲ. ಕಣ್ಣಿಗೆ ಕಾಣದ ವ್ಯತ್ಯಾಸವನ್ನು ತರ್ಕದಿಂದ ಮಾತ್ರ ತೋರಿಸಲು ಸಾಧ್ಯ. ಶಿಕ್ಷಕರು ಯಂತ್ರಗಳನ್ನು ಮಗುಚಿ ಇಡಲು ಹೇಳಿ, ಉದ್ದ ಭಾಗಾಕಾರಕ್ಕೆ ಬಂದರು. 17ರಿಂದ ಭಾಗಿಸುತ್ತ ಹೋದರೆ ಪ್ರತಿ ಹೆಜ್ಜೆಯಲ್ಲೂ ಒಂದು ಶೇಷ ಉಳಿಯುತ್ತದೆ. ಆ ಶೇಷ 1ರಿಂದ 16ರೊಳಗಿನ ಯಾವುದಾದರೂ ಒಂದೇ ಆಗಬೇಕು. ಹದಿನಾರೇ ಶೇಷಗಳಿರುವಾಗ ಹದಿನೇಳನೇ ಹೆಜ್ಜೆಯೊಳಗೆ ಒಂದಾದರೂ ಮರಳಿ ಬರಲೇಬೇಕು. ಶೇಷ ಮರಳಿದರೆ ಮುಂದಿನ ಅಂಕಿಗಳೆಲ್ಲ ಮರಳಬೇಕು. ಹಾಗಾದರೆ ಆವರ್ತ ಇದ್ದೇ ಇದೆ, ಪರದೆ ಚಿಕ್ಕದಾದ್ದರಿಂದ ಕಾಣುತ್ತಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮಕ್ಕಳಿಗೆ ಆ ಆವರ್ತವನ್ನು ಕಣ್ಣಾರೆ ನೋಡಬೇಕಿತ್ತು. ಆಗ ಯಂತ್ರವನ್ನು ಮತ್ತೆ ತಿರುಗಿಸಿ, ಒಂದೊಂದೇ ಅಂಕಿಯ ಬದಲು ಆರಾರು ಅಂಕಿ ತೆಗೆಯುವ ವಿಧಾನವನ್ನು ಕಟ್ಟಿಕೊಂಡರು. 10 ಲಕ್ಷವನ್ನು 17ರಿಂದ ಭಾಗಿಸಿದರೆ ಪೂರ್ಣಾಂಕ ಭಾಗ 58823, ಅದನ್ನು 17ರಿಂದ ಗುಣಿಸಿದರೆ 9,99,991, ಶೇಷ 9. ಈಗ 90 ಲಕ್ಷವನ್ನು ಭಾಗಿಸಿದರೆ 529411, ಶೇಷ 13. ಆಮೇಲೆ 130 ಲಕ್ಷವನ್ನು ಭಾಗಿಸಿದರೆ 764705, ಶೇಷ 15. ಮೊದಲ ಗುಂಪಿನಲ್ಲಿ ಐದೇ ಅಂಕಿ ಇದ್ದುದರಿಂದ ಅದರ ಮುಂದೆ ಸೊನ್ನೆ ಸೇರಿಸಬೇಕೆಂಬುದು ಬಹಳ ಜೋಡಿಗಳಿಗೆ ತಪ್ಪಿತು, ಸ್ಥಾನಬೆಲೆಯ ಮಾತು ಮತ್ತೊಮ್ಮೆ ಬಂತು. ಮೂರನ್ನೂ ಸೇರಿಸಿದರೆ 058823 529411 764705. ಹದಿನಾರು ಅಂಕಿ ಮುಗಿದೊಡನೆ 05 ಎಂದು ಮೊದಲಿನದೇ ಶುರುವಾಗುವುದು ಕಂಡಿತು. 0588235294117647 ಎಂಬ ಗುಂಪನ್ನು ಬೋರ್ಡಿನ ಉದ್ದಕ್ಕೂ ಎರಡು ಸಲ ಬರೆದರು.

ಮರುದಿನ ಒಬ್ಬ ಹುಡುಗಿ ಮನೆಯ ಮೊಬೈಲ್‌ನಲ್ಲಿ 19ಕ್ಕೆ ಇದನ್ನೇ ಮಾಡಿಕೊಂಡು ಬಂದಿದ್ದಳು: 052631, ಶೇಷ 11, 578947, ಶೇಷ 7, 368421, ಶೇಷ 1. ಶೇಷ 1 ಬಂದದ್ದೇ ತಡ ನಿಲ್ಲಿಸಿದ್ದಳು. ಯಾಕೆ ನಿಲ್ಲಿಸಿದೆ ಎಂದರೆ, ‘ಒಂದರಿಂದನೇ ಶುರು ಮಾಡಿದ್ವಿ ಅಲ್ರೀ, ಮುಂದ ಎಲ್ಲಾ ಅದೇ ಬರ್ತೈತ್ರಿ’ ಎಂದಳು. ಪ್ರಮೇಯ ಅರ್ಥವಾಗಿದೆ ಎನ್ನಲು ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಬೇರೆ ಗೊತ್ತಿಲ್ಲ. 2ರ ವರ್ಗಮೂಲದ ಮಟ್ಟಿಗೆ ಮಾತ್ರ ಇಂಥ ದಾರಿ ಇರಲಿಲ್ಲ. ಪರದೆಯ ಮೇಲಿನ 1.41421356237ನ್ನು ಮತ್ತೆ ಒತ್ತಿ ತನ್ನಿಂದಲೇ ಗುಣಿಸಿದರೆ 1.99999999999 ಬರುತ್ತದೆ, 2 ಬರುವುದಿಲ್ಲ. ಇದು ಅನುಮಾನ ಹುಟ್ಟಿಸುತ್ತದೆಯೇ ಹೊರತು ಅಭಾಗಲಬ್ಧವೆಂದು ಸಾಧಿಸುವುದಿಲ್ಲ ಎಂದು ಶಿಕ್ಷಕರು ಸ್ಪಷ್ಟವಾಗಿ ಹೇಳಿದರು.

ಆಕ್ಷೇಪ ಮತ್ತು ಅದರಿಂದಾದ ಬದಲಾವಣೆ

ದಸರಾ ರಜೆಯ ನಂತರದ ಪಾಲಕರ ಸಭೆಯಲ್ಲಿ ವಿಷಯ ಬಂತು. ‘ಮಷಿನ್ ಕೈಗೆ ಕೊಟ್ರ ಮಗ್ಗಿ ಯಾರ್ ಕಲಿತಾರ್ರಿ ಸರ್?’ ಎಂದು ಒಬ್ಬ ತಂದೆ ಕೇಳಿದರು. ಇನ್ನೊಬ್ಬ ಹಿರಿಯ ರೈತರು ಅದಕ್ಕೆ ತಾವೇ ಉತ್ತರ ಕೊಟ್ಟರು: ‘ದಲಾಲಿ ಅಂಗಡ್ಯಾಗ ಅವ್ರು ಟಕಟಕ ಒತ್ತಿ ತೋರಸ್ತಾರ, ನಾವು ಹ್ಞೂಂ ಅಂತೀವಿ. ಹುಡುಗ್ರಿಗೆ ಅದು ಸರಿ ಐತೋ ಇಲ್ಲೋ ತಿಳದ್ರ ಸಾಕು.’ ಸಭೆಯಲ್ಲಿ ಒಮ್ಮತವೇನೂ ಮೂಡಲಿಲ್ಲ. ಮುಖ್ಯಗುರುಗಳ ಆಕ್ಷೇಪ ಇನ್ನೂ ನೇರವಾಗಿತ್ತು: ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ, ಮುಂದಿನ ವರ್ಷ ಈ ಮಕ್ಕಳೇ ಆ ಪರೀಕ್ಷೆ ಬರೆಯುವವರು.

ಈ ವಿಷಯದಲ್ಲಿ ಹೊರಗಿನ ಸಂಶೋಧನೆಯನ್ನು ಶಿಕ್ಷಕರು ನನ್ನಿಂದ ಕೇಳಿ ತಿಳಿದುಕೊಂಡರು. ರೇ ಹೆಂಬ್ರಿ ಮತ್ತು ಡೊನಾಲ್ಡ್ ಡೆಸಾರ್ಟ್ 1986ರಲ್ಲಿ 79 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಎಂದಿನ ಬೋಧನೆಯ ಜೊತೆಗೆ ಕ್ಯಾಲ್ಕುಲೇಟರ್ ಬಳಸಿದರೆ ಸಾಮಾನ್ಯ ವಿದ್ಯಾರ್ಥಿಗಳ ಕಾಗದದ ಲೆಕ್ಕ ಕೆಡುವುದಿಲ್ಲ, ಸುಧಾರಿಸುತ್ತದೆ ಎಂದು ಹೇಳಿದ್ದರು. ನಾಲ್ಕನೇ ತರಗತಿಯನ್ನು ಮಾತ್ರ ಹೊರತುಪಡಿಸಿ, ಅಲ್ಲಿ ನಿರಂತರ ಬಳಕೆ ಅಡ್ಡಿಯಾದಂತೆ ಕಂಡಿತ್ತು. 2003ರಲ್ಲಿ ಎಲಿಂಗ್ಟನ್ 54 ಅಧ್ಯಯನಗಳನ್ನು ಪರಿಶೀಲಿಸಿದಾಗ, ಬೋಧನೆ ಮತ್ತು ಪರೀಕ್ಷೆ ಎರಡರಲ್ಲೂ ಯಂತ್ರವಿದ್ದ ಕಡೆ ಲೆಕ್ಕ ಮಾಡುವ ಕೌಶಲ ಹೆಚ್ಚಿದ್ದು ಕಂಡಿತು. ನಮ್ಮಲ್ಲಿ ಪರೀಕ್ಷೆಯಲ್ಲಿ ಯಂತ್ರವಿಲ್ಲ. ಆದ್ದರಿಂದ ಆ ಫಲಿತಾಂಶವನ್ನು ಹಾಗೇ ಎತ್ತಿ ಇಲ್ಲಿಗೆ ತರಲು ಬರುವುದಿಲ್ಲ ಎಂದು ನಾನು ಹೇಳಿದೆ. ಇಂಗ್ಲೆಂಡ್ ಕೂಡ 2014ರಿಂದ ಹನ್ನೊಂದರ ವಯಸ್ಸಿನ ಮಕ್ಕಳ ರಾಷ್ಟ್ರೀಯ ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರನ್ನು ನಿಲ್ಲಿಸಿತು.

ಶಿಕ್ಷಕರು ಮಾಡಿದ್ದು ಇಷ್ಟು. ಯಂತ್ರದ ಬಳಕೆಯನ್ನು ವಾರದಲ್ಲಿ ಎರಡು ಅವಧಿಗೆ ಕಟ್ಟಿದರು. ಉಳಿದ ಅವಧಿಗಳ ಮೊದಲ ಹತ್ತು ನಿಮಿಷ ಮಗ್ಗಿ ಮತ್ತು ಬರವಣಿಗೆಯ ಭಾಗಾಕಾರಕ್ಕೆ. ಅವರೇ ತೆಗೆಯುವ ಕಿರುಪರೀಕ್ಷೆಗಳನ್ನು ಎರಡು ಭಾಗ ಮಾಡಿ, ಒಂದು ಭಾಗಕ್ಕೆ ಯಂತ್ರ ಕೊಟ್ಟು ಅಂದಾಜಿಗೂ ಅಂಕ ಇಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. ಅಂದಾಜಿಗೆ ಅಂಕ ಇಟ್ಟದ್ದು ಸಭೆಯ ಯಾವ ವಾದಕ್ಕಿಂತಲೂ ಹೆಚ್ಚು ಕೆಲಸ ಮಾಡಿತು.

ಆದದ್ದು, ಆಗದೇ ಉಳಿದದ್ದು

ವರ್ಷದ ಕೊನೆಗೆ, 71 ಲಕ್ಷದಂಥ ಉತ್ತರಗಳು ಬಹಳ ಕಡಿಮೆಯಾಗಿದ್ದವು. ಯಂತ್ರವಿಲ್ಲದ ಪತ್ರಿಕೆಯಲ್ಲೂ ಲೆಕ್ಕದ ಪಕ್ಕದಲ್ಲಿ ಒಂದು ದುಂಡು ಸಂಖ್ಯೆಯನ್ನು ಗೀಚಿಟ್ಟುಕೊಳ್ಳುವ ಅಭ್ಯಾಸ ಅನೇಕರಿಗೆ ಹತ್ತಿತ್ತು, ಯಾರೂ ಹೇಳದೆ. ದಶಮಾಂಶವನ್ನು ಎಲ್ಲಿ ನಿಲ್ಲಿಸಬೇಕೆಂದು ಕೇಳುವವರು ಬಂದರು. ಗುಳೆಯಿಂದ ತಡವಾಗಿ ಮರಳಿದ ಮಕ್ಕಳು, ಮೊದಲಾಗಿದ್ದರೆ ಬಹುಪದೋಕ್ತಿಯ ಪಾಠದಲ್ಲಿ ಬಾಯಿ ಕಟ್ಟಿಕೊಂಡು ಕೂರುತ್ತಿದ್ದವರು, ಅಕ್ಷರದ ಜಾಗದಲ್ಲಿ ಬೇರೆ ಬೇರೆ ಬೆಲೆಗಳನ್ನು ಹಾಕಿ ಎಲ್ಲಿ ಸೊನ್ನೆ ಬರುತ್ತದೆಂದು ಹುಡುಕುವ ಕೆಲಸದಲ್ಲಿ ಉಳಿದವರ ಸಮಕ್ಕೆ ಪಾಲ್ಗೊಂಡರು.

ಬರವಣಿಗೆಯ ಭಾಗಾಕಾರ ಸುಧಾರಿಸಲಿಲ್ಲ. ಅದರಲ್ಲೂ ಈ ತಡವಾಗಿ ಬಂದ ಮಕ್ಕಳಲ್ಲಿ ಅದು ಇದ್ದಲ್ಲೇ ಇತ್ತು, ಮತ್ತು ಹತ್ತನೇ ತರಗತಿಗೆ ಹೋಗಿ ಯಂತ್ರ ಕೈಬಿಟ್ಟಾಗ ಅವರಿಗೆ ಹೊಡೆತ ಬಿದ್ದಿತು. ಬೀಜಗಣಿತದ ದಾರಿ ಗೊತ್ತು, ನಡುವಿನ ಭಾಗಾಕಾರದಲ್ಲಿ ಮುಗ್ಗರಿಸುತ್ತಿದ್ದರು. ಹತ್ತು ನಿಮಿಷದ ಮಗ್ಗಿ ಅಭ್ಯಾಸ ಪಾಲಕರ ಸಭೆಯ ನಂತರ ಶುರುವಾಯಿತು. ಅದು ಯಂತ್ರ ಹಂಚಿದ ದಿನದಿಂದಲೇ ಜೊತೆಗೆ ನಡೆಯಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಶಿಕ್ಷಕರು ಇದನ್ನು ಪೂರ್ತಿ ಒಪ್ಪುವುದಿಲ್ಲ. ಆ ಮಕ್ಕಳಿಗೆ ಮಗ್ಗಿಯಿಂದ ಶುರು ಮಾಡಿದ್ದರೆ ಅವರು ಮತ್ತೆ ಶಾಲೆ ತಪ್ಪಿಸುತ್ತಿದ್ದರು, ಮೊದಲು ಅವರಿಗೆ ಗಣಿತದಲ್ಲಿ ಗೆಲ್ಲುವ ಒಂದು ಜಾಗ ಬೇಕಿತ್ತು ಎನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕಲು ನನ್ನ ಹತ್ತಿರ ಆಧಾರವಿಲ್ಲ.

ಇದನ್ನು ಬೇರೆ ಶಾಲೆಯಲ್ಲಿ ಮಾಡಿನೋಡುವವರು ಒಂದು ಮಾತು ನೆನಪಿಡಬೇಕು. ಇಲ್ಲಿ ಫಲ ಕೊಟ್ಟ ಪ್ರತಿಯೊಂದು ಪಾಠವೂ ಯಂತ್ರ ಕೈಕೊಟ್ಟ ಜಾಗದಲ್ಲಿ ಹುಟ್ಟಿದ್ದು: ಪರದೆ ಚಿಕ್ಕದಾದಾಗ, ಎರಡು ಯಂತ್ರ ಬೇರೆ ಬೇರೆ ಹೇಳಿದಾಗ, ಗುಂಡಿ ಮುಚ್ಚಿದಾಗ. ಸರಾಗವಾಗಿ ಉತ್ತರ ಬಂದ ಲೆಕ್ಕಗಳಿಂದ ಯಾರೂ ಏನೂ ಕಲಿತದ್ದನ್ನು ನಾನು ನೋಡಲಿಲ್ಲ. ಆದ್ದರಿಂದ ಪಾಠದ ತಯಾರಿ ಎಂದರೆ ಯಂತ್ರ ಎಲ್ಲಿ ಎಡವುತ್ತದೆಂದು ಶಿಕ್ಷಕರು ಮೊದಲೇ ಒತ್ತಿ ನೋಡಿಕೊಳ್ಳುವುದು, ಮತ್ತು ಅದಕ್ಕೆ ಸಂಜೆಯ ಸಮಯ ಸಾಕಷ್ಟು ಹೋಗುತ್ತದೆ.

ಆ ಶಿಕ್ಷಕರಿಗೆ ಮುಂದೆ ಕೌನ್ಸೆಲಿಂಗ್‌ನಲ್ಲಿ ಬೇರೆ ತಾಲ್ಲೂಕಿಗೆ ವರ್ಗವಾಯಿತು. ಪೆಟ್ಟಿಗೆಯನ್ನು ಅತಿಥಿ ಶಿಕ್ಷಕಿಯೊಬ್ಬರಿಗೆ ಒಪ್ಪಿಸುವಾಗ, ಯಾವ ಯಂತ್ರಕ್ಕೆ ಚೆಕ್ ಇದೆ, ಯಾವುದು ಶೇಕಡಾವನ್ನು ಮಾರುವ ಬೆಲೆಯ ಮೇಲೆ ಲೆಕ್ಕ ಹಾಕುತ್ತದೆ ಎಂದು ಪ್ರತಿಯೊಂದರ ಹಿಂದೆಯೂ ಚೀಟಿ ಅಂಟಿಸಿ ಕೊಟ್ಟರು. ಆ ಶಿಕ್ಷಕಿ ಈಗ ಎಂಟನೇ ತರಗತಿಯಿಂದಲೇ ಶುರು ಮಾಡುವ ಯೋಚನೆಯಲ್ಲಿದ್ದಾರೆ. ಭಾಗಾಕಾರ ಕೈಗೆ ಹತ್ತದ ಮಕ್ಕಳು ಎಂಟನೆಯಲ್ಲಿ ಇನ್ನೂ ಹೆಚ್ಚಿರುವುದರಿಂದ, ಮೊದಲ ಕಿರುಪರೀಕ್ಷೆಯವರೆಗೆ ಪೆಟ್ಟಿಗೆ ತೆರೆಯುವುದು ಬೇಡ ಎಂದು ಮುಖ್ಯಗುರುಗಳು ಹೇಳಿದ್ದಾರೆ, ಅದಕ್ಕೆ ಶಿಕ್ಷಕಿಯೂ ಒಪ್ಪಿದ್ದಾರೆ.